ಶಿರಾಡಿ ಘಾಟಿ ಹತ್ತುವ ಮುನ್ನ ‘ಸಕ್ಕರೆ ಸೇರಿಸಿಲ್ಲ’ದ ಐಸ್‌ಕ್ರೀಂ ತಿನ್ನಬೇಡಿ

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು, ಈ ಬೇಸಿಗೆಯಲ್ಲಿ ಅವರಿಗೆಂದೇ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಐಸ್‌ಕ್ರೀಂ ತರುವ ಯೋಚನೆ ನಿಮಗಿದ್ದರೆ, ಮೊದಲು ಇದನ್ನು ಓದಿಕೊಳ್ಳಿ. ಯಾವ ಕಂಪನಿಯದು ಎಂದು ಕೇಳಬೇಡಿ. ಡಬ್ಬಿಯ ಮೇಲೆ ಒಂದೇ ಒಂದು ಸುಳ್ಳೂ ಇರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಅಪ್ಪನಿಗೆ 68 ವರ್ಷ. ಶುಗರ್ ಬಂದು ಹನ್ನೊಂದು ವರ್ಷವಾಯಿತು. ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ, ಹಾಗಾಗಿ ಉದ್ದನೆಯ ಗಾಜಿನ ಲೋಟದ ಗಡ್‌ಬಡ್ ಐಸ್‌ಕ್ರೀಂ ಅವರಿಗೆ ಬರೀ ತಿಂಡಿಯಲ್ಲ, ಯೌವನ. ಆದರೂ ಶಿಸ್ತಿನ ಮನುಷ್ಯ. ಮದುವೆ ಮನೆಯಲ್ಲಿ ಎರಡು ಚಮಚ ತಿಂದು ಬಟ್ಟಲನ್ನು ನನ್ನ ಕಡೆಗೆ ಸರಿಸುತ್ತಿದ್ದರು. ಹನ್ನೊಂದು ವರ್ಷ ಆ ಎರಡು ಚಮಚದಿಂದ ಏನೂ ಆಗಿರಲಿಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಕೆಟ್ಟ ಬುದ್ಧಿ ಬಂದದ್ದು ನನಗೆ. ಅಂಗಡಿಯಲ್ಲಿ ಅರ್ಧ ಲೀಟರಿನ ಡಬ್ಬಿ, ಎರಡು ಕೊಂಡರೆ ರಿಯಾಯಿತಿ. “ಶುಗರ್ ಇರುವವರೇ ಇದನ್ನು ಹುಡುಕಿಕೊಂಡು ಬರುವುದು ಅಕ್ಕಾ, ಎಷ್ಟು ಬೇಕಾದರೂ ತಿನ್ನಬಹುದು” ಎಂದ ಅಂಗಡಿಯ ಹುಡುಗ. ಅವನಿಗೆ ಇಪ್ಪತ್ತೂ ದಾಟಿರಲಿಲ್ಲ. ಅವನ ಮಾತನ್ನು ವೈದ್ಯರ ಚೀಟಿಯಂತೆ ನಂಬಿ ಎರಡು ಡಬ್ಬಿ ಹೊತ್ತು ತಂದೆ.

ಶನಿವಾರ ಮಧ್ಯಾಹ್ನ ಊಟದ ಮೇಲೆ ಅಪ್ಪ ಅರ್ಧ ಡಬ್ಬಿ ತಿಂದರು. ಹನ್ನೊಂದು ವರ್ಷದ ಬಾಕಿ ವಸೂಲಿ. ಎರಡು ಗಂಟೆ ಬಿಟ್ಟು ರಕ್ತ ಪರೀಕ್ಷಿಸಿದರೆ 248. ಊಟದ ಮೇಲೆ 170 ದಾಟದ ಮನುಷ್ಯ! “ಸ್ಟ್ರಿಪ್ ಹಳೆಯದಾಗಿರಬೇಕು” ಎಂದರು. ನಾನೂ ಹೌದೆಂದೆ. ಸಕ್ಕರೆಯೇ ಇಲ್ಲದ್ದನ್ನು ತಿಂದು ಸಕ್ಕರೆ ಏರುವುದು ಹೇಗೆ?

ಭಾನುವಾರ ರಾತ್ರಿ ಮೂವರೂ ಬೆಂಗಳೂರಿಗೆ ಹೊರಡುವುದಿತ್ತು. ಹತ್ತು ದಿನ ಮನೆಗೆ ಬೀಗ, ಫ್ರಿಜ್ ಆರಿಸಬೇಕು. ಎರಡನೆಯ ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿತ್ತು. ಅಮ್ಮನಿಗೆ ತಣ್ಣಗಿನದು ತಿಂದರೆ ಹಲ್ಲು ಜುಮ್ಮೆನ್ನುತ್ತದೆ, ನನಗೆ ನೆಗಡಿ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲುವ ಮನೆ ನಮ್ಮದಲ್ಲ. ಸಂಜೆ ಏಳಕ್ಕೆ ಅಪ್ಪ ಕೂತು ಮುಗಿಸಿದರು. ಅಮ್ಮ ಡಬ್ಬಿಯನ್ನು ತೊಳೆದು, ಒರೆಸಿ, ಚಟ್ನಿಪುಡಿ ತುಂಬಿಸಿ ಚೀಲಕ್ಕೆ ಹಾಕಿದರು.

ಬಸ್ಸು ಒಂಬತ್ತೂವರೆಗೆ ಹೊರಟಿತು. ಬಿ.ಸಿ. ರೋಡ್ ದಾಟುವಾಗಲೇ ಅಪ್ಪನ ಹೊಟ್ಟೆಯ ಗುಡುಗು ಪಕ್ಕದ ಸೀಟಿನಲ್ಲಿದ್ದ ನನಗೆ ಕೇಳಿಸುತ್ತಿತ್ತು. ಉಪ್ಪಿನಂಗಡಿಯ ಹೊತ್ತಿಗೆ ಹಣೆಯಲ್ಲಿ ಬೆವರು. ನೆಲ್ಯಾಡಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದರು, ಬಚಾವಾದೆವು. ಗುಂಡ್ಯ ದಾಟಿ ಘಾಟಿ ಶುರುವಾದ ಮೇಲೆ ಹೋಟೆಲೂ ಇಲ್ಲ, ದೀಪವೂ ಇಲ್ಲ. ಮುಂದೆ ಟ್ಯಾಂಕರ್‌ಗಳ ಸಾಲು. ಎರಡು ಸಲ ಬಸ್ಸು ನಿಲ್ಲಿಸಬೇಕಾಯಿತು. ಮೂವತ್ತನಾಲ್ಕು ವರ್ಷ ಬ್ಯಾಂಕಿಗೆ ಇಸ್ತ್ರಿ ಅಂಗಿಯಲ್ಲೇ ಹೋಗಿಬಂದ ಮನುಷ್ಯ, ಮೊಬೈಲಿನ ಬೆಳಕಿನಲ್ಲಿ ಪೊದೆಯ ಮರೆ ಹುಡುಕುವುದು. ಹಿಂದೆ ನೀರಿನ ಬಾಟಲಿ ಹಿಡಿದು ಅಮ್ಮ. ಚಾಲಕ ಒಳ್ಳೆಯವರು. “ಅವಸರ ಮಾಡಬೇಡಿ ಯಜಮಾನರೇ” ಎಂದಷ್ಟೇ ಹೇಳಿದರು. ಸಕಲೇಶಪುರದಲ್ಲಿ ಮತ್ತೊಮ್ಮೆ ಇಳಿದಾಗ ಅಪ್ಪನ ಕಾಲು ನಡುಗುತ್ತಿತ್ತು.

ಬೆಳಿಗ್ಗೆ ಬೆಂಗಳೂರಿನ ಅಡುಗೆಮನೆಯಲ್ಲಿ ಅಮ್ಮ ಚಟ್ನಿಪುಡಿಯ ಡಬ್ಬಿ ಹೊರತೆಗೆದಾಗ, ನಾನು ಮೊದಲ ಬಾರಿಗೆ ಅದನ್ನು ತಿರುಗಿಸಿ ಓದಿದೆ. ಸಾಸಿವೆಗಿಂತ ಸಣ್ಣ ಅಕ್ಷರ. ಫೋಟೋ ತೆಗೆದು ಹಿಗ್ಗಿಸಿದ ಮೇಲೆ ಕಂಡದ್ದು: ಪಾಲಿಯೋಲ್‌ಗಳಿವೆ, ಅವುಗಳಿಂದ ಭೇದಿಯಾಗಬಹುದು. ಸಕ್ಕರೆಯ ಬದಲು ಸಿಹಿಗೆ ಹಾಕುವ ಒಂದು ಬಗೆಯ ಪದಾರ್ಥ ಈ ಪಾಲಿಯೋಲ್. ಪಾಲಿಯೋಲ್ 10 ಶೇಕಡಾ ಅಥವಾ ಹೆಚ್ಚಿದ್ದರೆ ಈ ಎಚ್ಚರಿಕೆ ಹಾಕಲೇಬೇಕೆಂಬುದು ನಮ್ಮ ದೇಶದ ನಿಯಮ. ಹಾಕಿದ್ದರು. ಅಪ್ಪ ತಿಂದದ್ದು ಅವುಗಳಲ್ಲೊಂದಾದ ಮಾಲ್ಟಿಟಾಲ್, ಪದಾರ್ಥಗಳ ಪಟ್ಟಿಯಲ್ಲಿ 965 ಎಂಬ ಸಂಖ್ಯೆಯಾಗಿ ಕೂತಿರುತ್ತದೆ. ನೂರು ಗ್ರಾಮಿಗೆ 14 ಗ್ರಾಂ ಇತ್ತು. ಇದನ್ನು ಸಣ್ಣ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ಕೆಳಗಿಳಿದು ನೀರು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ತುಂಬಿಸುತ್ತವೆ. ಅಪ್ಪ ಒಂದೇ ಸಲಕ್ಕೆ ಇಳಿಸಿದ್ದು ಹತ್ತಿರಹತ್ತಿರ 30 ಗ್ರಾಂ.

ಹಾಗಾದರೆ 248 ಎಲ್ಲಿಂದ ಬಂತು? ಅದೂ ಅಲ್ಲೇ ಇತ್ತು. ಸೇರಿಸಿದ ಸಕ್ಕರೆ ಸೊನ್ನೆ, ಸರಿ. ಒಟ್ಟು ಸಕ್ಕರೆ ನೂರು ಗ್ರಾಮಿಗೆ 6.2 ಗ್ರಾಂ, ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಅದು. ಕಾರ್ಬೋಹೈಡ್ರೇಟ್ 27 ಗ್ರಾಂ. ಅದರಲ್ಲಿ ಮಾಲ್ಟಿಟಾಲ್ ಇದೆ, ಮಾಲ್ಟೋಡೆಕ್ಸ್‌ಟ್ರಿನ್ ಇದೆ. ಎರಡನೆಯದು ಪಿಷ್ಟದಿಂದ ಮಾಡಿದ ಪುಡಿ; ಲೆಕ್ಕದಲ್ಲಿ ‘ಸಕ್ಕರೆ’ ಅಲ್ಲ, ರಕ್ತಕ್ಕೆ ಮಾತ್ರ ಸಕ್ಕರೆಯಷ್ಟೇ ಬೇಗ ಸೇರುತ್ತದೆ. ಮಾಲ್ಟಿಟಾಲ್ ಕೂಡ ಸಕ್ಕರೆಗಿಂತ ಕಡಿಮೆ ಏರಿಸುತ್ತದೆಯೇ ಹೊರತು ಏರಿಸುವುದೇ ಇಲ್ಲ ಎಂದಲ್ಲ. ಡಬ್ಬಿಯ ತೂಕ 290 ಗ್ರಾಂ. ಅರ್ಧ ಡಬ್ಬಿಯೆಂದರೆ 39 ಗ್ರಾಂ ಕಾರ್ಬೋಹೈಡ್ರೇಟ್. ಹೊಟ್ಟೆ ತುಂಬ ಅನ್ನ ಉಂಡ ಮೇಲೆ ಮತ್ತೆ ಮೂರುನಾಲ್ಕು ಇಡ್ಲಿ ತಿಂದ ಲೆಕ್ಕ.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಸಂಗತಿ. ‘ಸಕ್ಕರೆ ರಹಿತ’ ಎನ್ನಲು ನೂರು ಗ್ರಾಮಿಗೆ ಸಕ್ಕರೆ 0.5 ಗ್ರಾಂ ಮೀರಬಾರದು. ‘ಕಡಿಮೆ ಸಕ್ಕರೆ’ ಎನ್ನಲು, ಘನ ಆಹಾರವಾದರೆ 5 ಗ್ರಾಂ ಮೀರಬಾರದು. ನಾವು ತಂದ ಡಬ್ಬಿಗೆ ‘ಕಡಿಮೆ ಸಕ್ಕರೆ’ ಎಂದು ಹೇಳಿಕೊಳ್ಳುವ ಯೋಗ್ಯತೆಯೂ ಇರಲಿಲ್ಲ. ‘ಸೇರಿಸಿಲ್ಲ’ ಎನ್ನಲು ಮಾತ್ರ ಅಡ್ಡಿಯಿಲ್ಲ, ಯಾಕೆಂದರೆ ಅವರು ಸೇರಿಸಿಲ್ಲ!

ವೈದ್ಯರು ಅಪ್ಪನಿಗೆ ಬೈಯಲಿಲ್ಲ, ನನಗೆ ಬೈದರು. ಭೇದಿಯಿಂದ ಮೈಯ ನೀರು ಇಳಿದರೆ ಈ ವಯಸ್ಸಿನ ಶುಗರ್ ರೋಗಿಗೆ ಆಸ್ಪತ್ರೆಯೇ ಗತಿಯಂತೆ. ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲ.

ಹಟಕ್ಕೆ ಬಿದ್ದು ನಾನೇ ಮನೆಯಲ್ಲಿ ಮಾಡಲು ಹೊರಟೆ. ಗಟ್ಟಿ ಹಾಲು, ಎಳೆ ಬೊಂಡದ ತಿರುಳು, ಏಲಕ್ಕಿ, ಸಕ್ಕರೆ ಸೊನ್ನೆ. ಮರುದಿನ ಫ್ರೀಜರಿನಿಂದ ತೆಗೆದರೆ ಚಮಚ ಬಾಗಿತು, ಅದು ಬಾಗಲಿಲ್ಲ. ಐಸ್‌ಕ್ರೀಮಿಗೆ ಸಕ್ಕರೆ ಬರೀ ಸಿಹಿಗಲ್ಲವೆಂದು ಆಗ ಗೊತ್ತಾಯಿತು. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅದರಿಂದಲೇ ಆ ಮೃದುತನ. ಸಕ್ಕರೆ ತೆಗೆದ ಕಂಪನಿ ಆ ಜಾಗಕ್ಕೆ ಏನನ್ನಾದರೂ ತುಂಬಲೇಬೇಕು. ಏನು ತುಂಬಿದ್ದಾರೆ ಎಂಬುದನ್ನೇ ನಾವು ಕೇಳಬೇಕಾಗಿದ್ದದ್ದು.

ಈ ಕಥೆ ಹೇಳಿದ ಮೇಲೆ ಪರಿಚಯದವರೊಬ್ಬರು ಬೆಲ್ಲದ ಕುಲ್ಫಿ ತಂದುಕೊಟ್ಟರು, ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂದು ದೊಡ್ಡದಾಗಿ ಬರೆದದ್ದು. ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ. ಖರ್ಜೂರ, ಜೇನುತುಪ್ಪದ ಕಡ್ಡಿ ಐಸ್‌ಕ್ರೀಂಗಳ ಕಥೆಯೂ ಇಷ್ಟೇ. ಕುಲ್ಫಿಯನ್ನು ಎದುರುಮನೆಯ ಮಕ್ಕಳಿಗೆ ಕೊಟ್ಟೆ.

ಈಗ ಅಂಗಡಿಯಲ್ಲಿ ಡಬ್ಬಿಯ ಮುಂಭಾಗ ನೋಡುವುದನ್ನೇ ಬಿಟ್ಟಿದ್ದೇನೆ. ಹಿಂದೆ ತಿರುಗಿಸಿ ಮೊದಲು ಒಟ್ಟು ಕಾರ್ಬೋಹೈಡ್ರೇಟ್, ಆಮೇಲೆ ಪಾಲಿಯೋಲ್, ಆಮೇಲೆ ತೂಕ. ಮಾರುವುದು ಮಿಲಿಲೀಟರಿನಲ್ಲಿ, ಪೋಷಕಾಂಶ ಬರೆಯುವುದು ಹೆಚ್ಚಾಗಿ ಗ್ರಾಮಿನಲ್ಲಿ. ಒಂದು ಲೀಟರ್ ಐಸ್‌ಕ್ರೀಂ 525 ಗ್ರಾಂ ತೂಗಿದರೂ ನಿಯಮಕ್ಕೆ ಸಾಕು, ಉಳಿದದ್ದು ಗಾಳಿ. ಹಾಗಾಗಿ ಲೆಕ್ಕವನ್ನು ತೂಕದ ಮೇಲೆ ಹಾಕಿ.

ಅಪ್ಪ ಮತ್ತೆ ಮಾಮೂಲಿ ಐಸ್‌ಕ್ರೀಮಿಗೆ ಮರಳಿದ್ದಾರೆ. ಎರಡು ಚಮಚ, ಕುಂಕುಮದ ಬಟ್ಟಲಿಗಿಂತ ತುಸು ದೊಡ್ಡದಾದ ಸ್ಟೀಲ್ ಬಟ್ಟಲಿನಲ್ಲಿ. ವೈದ್ಯರಿಗೂ ತಿಳಿಸಿದ್ದೇವೆ. ಆ ಡಬ್ಬಿ ಮಾತ್ರ ನಮ್ಮ ಊಟದ ಮೇಜಿನ ಮೇಲೆಯೇ ಇದೆ, ಚಟ್ನಿಪುಡಿ ತುಂಬಿಕೊಂಡು. ಅಪ್ಪ ಅದನ್ನು ಕೇಳುವಾಗ ಹೆಸರು ಹೇಳುವುದಿಲ್ಲ, “ಆ ಶಿರಾಡಿ ಘಾಟಿಯನ್ನು ಇತ್ತ ಕೊಡು” ಎನ್ನುತ್ತಾರೆ.