ತಪ್ಪಿಗೊಂದು ಹೆಸರು: ಎಂಟು ವಾರದ ವಾಲಿಬಾಲ್ ಕ್ಲಾಸ್ ಹೇಗಿತ್ತು

ದೊಡ್ಡವರಿಗೆ ಮೊದಲಿಂದ ವಾಲಿಬಾಲ್ ಕಲಿಸುವ ಕ್ಲಾಸೊಂದಕ್ಕೆ ಎಂಟು ವಾರ ಹೋಗಿ ಬಂದೆ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ. ಹದಿನಾರರಲ್ಲಿ ನಾನು ತಪ್ಪಿಸಿದ್ದು ಒಂದೇ ಕ್ಲಾಸ್. ನನಗೆ ನಲವತ್ತೊಂದು ವರ್ಷ, ಅಲ್ಲಿಯವರೆಗೆ ವಾಲಿಬಾಲ್ ಕೈಯಲ್ಲಿ ಹಿಡಿದವಳಲ್ಲ. ಸೇರಿದ್ದು ಮಗಳಿಂದಾಗಿ. ಅವಳು ಸ್ಕೂಲ್ ಟೀಮ್‌ನಲ್ಲಿ ಆಡುತ್ತಾಳೆ. ಮ್ಯಾಚ್ ಮುಗಿಸಿ ಬಂದು "ಅಮ್ಮಾ, ಇವತ್ತು ಮೂರು ಸಲ ಶ್ಯಾಂಕ್ ಮಾಡ್ಬಿಟ್ಟೆ" ಅಂತ ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದಳು. ಶ್ಯಾಂಕ್ ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಸಮಾಧಾನ ಹೇಳಬೇಕಾ, ಸುಮ್ನೆ ಇರಬೇಕಾ, ಅದೂ ತಿಳಿಯುತ್ತಿರಲಿಲ್ಲ. ಅವಳು ಮಾತಾಡೋದು ನನಗೂ ಅರ್ಥವಾಗಬೇಕು ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ಕ್ಲಾಸ್ ಚೆನ್ನಾಗಿದೆ. ಕಲಿಯುವ ಆಸೆ ಇದ್ದರೆ ಇಂಥ ಕಡೆ ಧೈರ್ಯವಾಗಿ ಸೇರಬಹುದು. ಎರಡು ಮೂರು ಕೊರತೆ ಇವೆ, ಅವನ್ನೂ ಬಿಡಿಸಿ ಹೇಳುತ್ತೇನೆ.

ಇವರು ಕಲಿಸುವ ರೀತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಕೋರ್ಟ್ ಪಕ್ಕದ ಬೋರ್ಡ್. ಒಂದು ಸಾಧಾರಣ ಬಿಳಿ ಬೋರ್ಡ್. ಪ್ರತಿ ಕ್ಲಾಸಿನ ಶುರುವಿನಲ್ಲಿ ಅದರ ಮೇಲೆ ಎರಡೋ ಮೂರೋ ತಪ್ಪಿನ ಹೆಸರು ಬರೆಯುತ್ತಾರೆ. ಆಟಗಾರರು ತಮ್ಮ ತಮ್ಮಲ್ಲಿ ಬಳಸುವ ಹೆಸರುಗಳು, ಪುಸ್ತಕದವಲ್ಲ. ಆಡುವಾಗ ಆ ತಪ್ಪು ಆದಾಗೆಲ್ಲ ಒಂದು ಗೀಟು. ಯಾರು ಮಾಡಿದರು ಅಂತ ಬರೆಯುವುದಿಲ್ಲ. ಎಷ್ಟು ಸಲ ಆಯಿತು ಅನ್ನುವುದು ಮಾತ್ರ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹೊಸದಾಗಿ ಕಲಿಯುವವರಿಗೆ "ಸರಿಯಾಗಿ ಆಡಿ" ಅಂದರೆ ಏನೂ ಗೊತ್ತಾಗುವುದಿಲ್ಲ. "ಇದು ಶ್ಯಾಂಕ್" ಅಂದರೆ ಯಾವುದನ್ನು ತಿದ್ದಬೇಕು ಅಂತ ತಿಳಿಯುತ್ತದೆ. ಬೈದ ಹಾಗೂ ಆಗುವುದಿಲ್ಲ.

ಶ್ಯಾಂಕ್ ಅಂದರೆ ಹೀಗೆ. ಆ ಕಡೆಯಿಂದ ಸರ್ವಿಸ್ ಬರುತ್ತದೆ. ಎರಡೂ ಕೈ ಜೋಡಿಸಿ ಅಂಡರ್‌ಹ್ಯಾಂಡ್‌ನಲ್ಲಿ ತೆಗೆಯುತ್ತೀರಿ. ಬಾಲ್ ಸೆಟ್ಟರ್ (ಸ್ಮ್ಯಾಶ್ ಹೊಡೆಯುವವರಿಗೆ ಬಾಲ್ ಎತ್ತಿಕೊಡುವವರು) ಹತ್ತಿರ ಹೋಗುವ ಬದಲು ಪಕ್ಕಕ್ಕೆ ಸಿಡಿದು ಗೋಡೆಯತ್ತ ಓಡುತ್ತದೆ. ಮೊದಲ ವಾರ ನಾನು ತೆಗೆದ ಬಾಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಡಗಡೆಗೇ ಹೋಗುತ್ತಿದ್ದವು. ಕೋಚ್ ಮೇಡಂ ಆಟ ನಿಲ್ಲಿಸಿ ನನ್ನ ಹತ್ತಿರ ಬಂದರು. ನನ್ನ ಕೈ ಜೋಡಿಸಲು ಹೇಳಿ, ಬಾಲನ್ನು ಮುಂಗೈ ಮೇಲೆ ಮೆಲ್ಲಗೆ ಇಟ್ಟು ಬಿಟ್ಟರು. ಅದು ತಾನಾಗಿ ಎಡಕ್ಕೆ ಉರುಳಿ ಬಿತ್ತು. "ನೋಡಿ, ನೀವು ಹೊಡೆಯೋಕ್ಕೂ ಮೊದಲೇ ಅದು ಎಲ್ಲಿಗೆ ಹೋಗ್ಬೇಕು ಅಂತ ನಿಮ್ಮ ಕೈ ಹೇಳ್ಬಿಟ್ಟಿದೆ" ಅಂದರು. ನಾನು ಒಂದು ಕೈಯೊಳಗೆ ಇನ್ನೊಂದು ಕೈ ಇಡುವಾಗ ಒಂದು ಹೆಬ್ಬೆರಳು ಇನ್ನೊಂದರ ಮೇಲೆ ಹತ್ತುತ್ತಿತ್ತು. ಅದರಿಂದ ಎಡ ಮುಂಗೈ ಅರ್ಧ ಇಂಚು ಕೆಳಗಿರುತ್ತಿತ್ತು. ಅಷ್ಟೇ ಸಾಕು ಬಾಲ್ ದಾರಿ ತಪ್ಪಲು. ಎರಡೂ ಹೆಬ್ಬೆರಳು ಪಕ್ಕಪಕ್ಕ ಸಮನಾಗಿ ಇಟ್ಟು, ಮಣಿಕಟ್ಟನ್ನು ಸ್ವಲ್ಪ ಕೆಳಕ್ಕೆ ಒತ್ತಿದರೆ ಮುಂಗೈ ಎರಡೂ ಸೇರಿ ಹಲಗೆ ಥರ ಆಗುತ್ತದೆ. ಪ್ಲಾಟ್‌ಫಾರ್ಮ್ ಅನ್ನುವುದು ಇದಕ್ಕೇ.

ಆಮೇಲೆ ಎರಡನೇ ಮಾತು. ಕೈ ಬೀಸಬಾರದು. ಜೋರಾದ ಸರ್ವಿಸ್ ತನ್ನ ವೇಗ ತಾನೇ ತಂದಿರುತ್ತದೆ. ನಾವು ಹಲಗೆಯನ್ನು ಸೆಟ್ಟರ್ ಕಡೆ ತಿರುಗಿಸಿ ಹಿಡಿದರೆ ಸಾಕು. ಇದು ತಲೆಗೆ ಬೇಗ ಹೋಯಿತು, ಕೈಗೆ ಇಳಿಯಲು ಮೂರು ವಾರ ಬೇಕಾಯಿತು. ಒಂದು ದಿನ ಸಾಲಾಗಿ ಆರು ಸರ್ವಿಸ್ ನೆಟ್ಟಗೆ ಸೆಟ್ಟರ್ ತಲೆಯ ಮೇಲೇ ಹೋದವು. ಆ ದಿನದ ಖುಷಿ ಈಗಲೂ ಮೈಯಲ್ಲಿದೆ.

ಇನ್ನೊಂದು ಹೆಸರು ಕ್ಯಾಂಪ್‌ಫೈರ್. ಬಾಲ್ ಮೇಲಿಂದ ನಿಧಾನಕ್ಕೆ ಬರುತ್ತದೆ. ಮೂರು ನಾಲ್ಕು ಜನ ಸುತ್ತ ನಿಂತು ಅದನ್ನೇ ನೋಡುತ್ತಾರೆ. ಅದು ಎಲ್ಲರ ನಡುವೆ ಬೀಳುತ್ತದೆ. ಬೆಂಕಿ ಹಾಕಿಕೊಂಡು ಸುತ್ತ ನಿಂತ ಹಾಗೆ ಕಾಣುವುದರಿಂದ ಆ ಹೆಸರು. ಎರಡನೇ ಕ್ಲಾಸಿನಲ್ಲಿ ನಮ್ಮ ಐದು ಜನರ ನಡುವೆ ಬಾಲ್ ಬಿದ್ದಾಗ ಕೋಚ್ "ಏನು, ಎಲ್ರೂ ಚಳಿ ಕಾಯಿಸ್ತಿದ್ದೀರಾ?" ಅಂದರು. ಅವತ್ತಿನಿಂದ ನಮ್ಮ ಬ್ಯಾಚಿನಲ್ಲಿ ಅದು ಚಳಿ ಕಾಯಿಸೋದು ಅಂತಲೇ ಆಯಿತು. ಬೋರ್ಡಿನ ಮೇಲೂ ಹಾಗೇ ಬಂತು.

ಈ ತಪ್ಪು ಸೋಮಾರಿತನದಿಂದ ಆಗುವುದಲ್ಲ ಅಂತ ಅವರು ಬಿಡಿಸಿ ಹೇಳಿದ್ದು ನನಗೆ ತುಂಬ ಇಷ್ಟವಾಯಿತು. ಪರಿಚಯ ಇಲ್ಲದವರು ಒಟ್ಟಿಗೆ ಆಡುವಾಗ ಮರ್ಯಾದೆ ಅಡ್ಡ ಬರುತ್ತದೆ. ಅವರು ತೆಗೆದುಕೊಳ್ಳಲಿ ಅಂತ ಇವರು, ಇವರು ತೆಗೆದುಕೊಳ್ಳಲಿ ಅಂತ ಅವರು. ಅದಕ್ಕೆ ಅವರು ಮಾಡಿಸಿದ ಅಭ್ಯಾಸ ಹೀಗಿತ್ತು: "ನಂದು" ಅಂತ ಕೂಗದೆ ಯಾರಾದರೂ ಬಾಲ್ ಮುಟ್ಟಿದರೆ, ಎಷ್ಟೇ ಚೆನ್ನಾಗಿ ಆಡಿದ್ದರೂ ಪಾಯಿಂಟ್ ಆ ಕಡೆಗೆ. ಅದೂ ಬಾಲ್ ನೆಟ್ ದಾಟುವ ಹೊತ್ತಿಗೇ ಕೂಗಬೇಕು. ಮೊದಲೆರಡು ವಾರ ನನ್ನ ದನಿ ಬಾಯಿಂದ ಹೊರಗೇ ಬರುತ್ತಿರಲಿಲ್ಲ. ನನ್ನ ಪಕ್ಕ ಆಡುತ್ತಿದ್ದ ಹುಡುಗಿ "ಅಕ್ಕಾ, ಜೋರಾಗಿ ಹೇಳಿ, ನಾನು ಬಿಟ್ಕೊಡ್ತೀನಿ" ಅಂತ ಹೇಳಿ ಹೇಳಿ ನನ್ನ ಗಂಟಲು ಬಿಡಿಸಿದಳು.

ಇದರದ್ದೇ ತಮ್ಮ ಅನ್ನಬಹುದಾದ ಇನ್ನೊಂದು ತಪ್ಪಿದೆ. ಬಾಲ್ ಇಬ್ಬರ ನಡುವೆ ಬೀಳುವುದು. ಇಂಗ್ಲಿಷ್‌ನಲ್ಲಿ ಇದಕ್ಕೆ ಗಂಡ-ಹೆಂಡತಿ ಅನ್ನುವ ಹೆಸರು ಚಾಲ್ತಿಯಲ್ಲಿದೆ. ಇಬ್ಬರೂ ಮಾತಾಡಿಕೊಳ್ಳದೆ ಬಿಟ್ಟರು ಅನ್ನುವ ಅರ್ಥ. ಕ್ಲಾಸಿನಲ್ಲೂ ಮೊದಲು ಅದನ್ನೇ ಹೇಳುತ್ತಿದ್ದರು. ನನಗೆ ಅದು ಸರಿ ಬರಲಿಲ್ಲ. ಒಂದು ಸಲ ನಾನೂ ಒಬ್ಬ ಕಾಲೇಜು ಹುಡುಗನೂ ಬಾಲ್ ಬಿಟ್ಟಾಗ ಅದೇ ಹೆಸರು ಕೂಗಿದರು. ಆ ಹುಡುಗ ಮುಜುಗರಪಟ್ಟ, ನನಗೂ ಹಾಗೇ ಆಯಿತು. ಕ್ಲಾಸ್ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ವಾದ ಮಾಡಲಿಲ್ಲ. ಮುಂದಿನ ಕ್ಲಾಸಿನಲ್ಲಿ ಬೋರ್ಡ್ ಮೇಲೆ "ನಿಂದಾ ನಂದಾ" ಅಂತ ಬರೆದಿತ್ತು. ಹೇಳಿದ್ದನ್ನು ಕೇಳಿಸಿಕೊಂಡು ಬದಲಾಯಿಸುವವರು ಅಂತ ಅವತ್ತು ಗೊತ್ತಾಯಿತು. ಈ ವಿಮರ್ಶೆ ಬರೆಯಲು ಕೂತದ್ದಕ್ಕೆ ಅದೂ ಒಂದು ಕಾರಣ.

ಸ್ಮ್ಯಾಶ್ ಕಲಿಸುವಾಗ ಬಂದದ್ದು ಗೂಫಿ ಫೂಟ್. ಬಲಗೈಯಲ್ಲಿ ಹೊಡೆಯುವವರು ಓಡಿ ಬಂದು ಹಾರುವ ಮೊದಲು ಕೊನೆಯ ಎರಡು ಹೆಜ್ಜೆ ಬಲ, ಎಡ ಅಂತ ಇಡಬೇಕು. ಆಗ ಎಡಗಾಲು ಮುಂದಿದ್ದು ಬಲ ಭುಜ ಹಿಂದಕ್ಕೆ ಹೋಗುತ್ತದೆ, ಹೊಡೆತಕ್ಕೆ ಬೀಸು ಸಿಗುತ್ತದೆ. ಎಡ, ಬಲ ಅಂತ ಇಟ್ಟರೆ ಬಲ ಭುಜ ಆಗಲೇ ಮುಂದೆ ಬಂದಿರುತ್ತದೆ. ಆಮೇಲೆ ಕೈಯ ಬಲದಲ್ಲಷ್ಟೇ ಹೊಡೆಯಬೇಕು. ನಮ್ಮಲ್ಲಿ ನಾಲ್ಕು ಜನರಿಗೆ ಈ ತಪ್ಪಿತ್ತು. ಇದನ್ನು ತಿದ್ದಲು ಬಾಲ್ ಇಲ್ಲದೆ, ನೆಲಕ್ಕೆ ಟೇಪ್ ಅಂಟಿಸಿ ಹೆಜ್ಜೆ ಮಾತ್ರ ಇಪ್ಪತ್ತು ನಿಮಿಷ ಹಾಕಿಸಿದರು. ಬೇಜಾರಾಗುವಂಥ ಕೆಲಸ, ಆದರೆ ಕೆಲಸ ಮಾಡಿತು.

ಲಾಲಿಪಾಪ್ ಅಂದರೆ ಎದುರಾಳಿಗೆ ತೆಗೆಯಲು ತೀರಾ ಸುಲಭವಾದ ಮೆತ್ತನೆಯ ಸರ್ವಿಸ್. ಓವರ್‌ಪಾಸ್ ಅಂದರೆ ನಮ್ಮವರಿಗೆ ಕೊಡಬೇಕಾದ ಪಾಸ್ ನೆಟ್ ದಾಟಿ ಅವರಿಗೇ ಸಿಕ್ಕಿ, ಅವರು ಅಲ್ಲೇ ಹೊಡೆದುಬಿಡುವುದು. ಟೈಟ್ ಸೆಟ್ ಅಂದರೆ ನೆಟ್‌ಗೆ ಅಂಟಿದ ಹಾಗೆ ಎತ್ತಿಕೊಟ್ಟ ಬಾಲ್. ಹೊಡೆಯಲು ಹೋದವರು ನೆಟ್ ಮುಟ್ಟುತ್ತಾರೆ, ಇಲ್ಲಾ ಬ್ಲಾಕ್ ತಿನ್ನುತ್ತಾರೆ, ಅಂದರೆ ನೆಟ್ ಹತ್ತಿರ ಹಾರಿ ಅಡ್ಡ ಹಿಡಿದ ಎದುರಾಳಿಯ ಕೈಗೆ ಬಾಲ್ ಬಡಿಯುತ್ತದೆ. ಇವನ್ನೆಲ್ಲ ಆಡುತ್ತಾ ಆಡುತ್ತಾ ಕಲಿಸಿದರು.

ಈಗ ಕೊರತೆ. ನನ್ನ ಮುಖ್ಯ ದೂರು ಬೋರ್ಡ್ ಬಗ್ಗೆಯೇ. ಶ್ಯಾಂಕ್, ಚಳಿ ಕಾಯಿಸೋದು, ಗೂಫಿ ಫೂಟ್, ಇವಕ್ಕೆ ರೆಫರಿ ವಿಷಲ್ ಊದುವುದಿಲ್ಲ. ಇವು ಆಟದ ದೋಷಗಳು, ನಿಯಮದ ತಪ್ಪುಗಳಲ್ಲ. ಡಬಲ್ (ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಮುಟ್ಟುವುದು), ಹೋಲ್ಡಿಂಗ್ (ಬಾಲ್ ಹಿಡಿದುಬಿಡುವುದು), ನಾಲ್ಕು ಟಚ್ (ಒಂದು ಟೀಮಿಗೆ ಮೂರೇ ಟಚ್), ನೆಟ್ ಟಚ್, ಫೂಟ್ ಫಾಲ್ಟ್ (ಸರ್ವಿಸ್ ಮಾಡುವಾಗ ಗೆರೆ ತುಳಿಯುವುದು), ರೊಟೇಷನ್ ಫಾಲ್ಟ್ (ಜಾಗ ಬದಲಿಸುವ ಸರದಿ ತಪ್ಪುವುದು), ಇವಕ್ಕೆ ಊದುತ್ತಾರೆ. ಇವರು ಎರಡನ್ನೂ ಒಂದೇ ಬೋರ್ಡಿನಲ್ಲಿ ಒಂದೇ ಪೆನ್ನಿನಲ್ಲಿ ಬರೆದರು. ಅದರಿಂದ ಹೊಸಬರಿಗೆ ಗೊಂದಲವಾಯಿತು.

ಐದನೇ ವಾರದ ಪ್ರಾಕ್ಟೀಸ್ ಮ್ಯಾಚಿನಲ್ಲಿ ಒಂದು ಜೋರಾದ ಸರ್ವಿಸ್ ನಮ್ಮ ಟೀಮಿನವರೊಬ್ಬರ ಮುಂಗೈಗೆ ಬಡಿದು, ಹಾಗೇ ಭುಜಕ್ಕೆ ತಾಗಿ ಮೇಲೆ ಹೋಯಿತು. ಯಾರೋ "ಡಬಲ್!" ಅಂದರು. ಎಲ್ಲರೂ ನಿಂತರು. ಪಾಯಿಂಟ್ ಆ ಕಡೆ ಕೊಟ್ಟರು. ಮನೆಗೆ ಬಂದು ಮಗಳಿಗೆ ಹೇಳಿದೆ. "ಅಮ್ಮಾ, ಫಸ್ಟ್ ಟಚ್‌ಗೆ ಡಬಲ್ ಇಲ್ಲ" ಅಂದಳು. ಅಂತಾರಾಷ್ಟ್ರೀಯ ಫೆಡರೇಷನ್ನಿನ ನಿಯಮ ತೆಗೆದು ಓದಿದೆ. ಅವಳು ಹೇಳಿದ್ದೇ ಸರಿ. ಟೀಮಿನ ಮೊದಲ ಟಚ್‌ನಲ್ಲಿ, ಒಂದೇ ಪ್ರಯತ್ನದಲ್ಲಿ, ಬಾಲ್ ಮೈಯ ಬೇರೆ ಬೇರೆ ಕಡೆ ಒಂದಾದ ಮೇಲೊಂದು ತಾಗಿದರೆ ತಪ್ಪಲ್ಲ. ಹಿಡಿದು ಎಸೆದರೆ ಮಾತ್ರ ಆಗಲೂ ತಪ್ಪೇ. ಬ್ಲಾಕ್ ವಿಷಯದಲ್ಲೂ ಹೀಗೇ ಆಯಿತು. ಇಂಡೋರ್ ಆಟದಲ್ಲಿ ಬ್ಲಾಕಿಗೆ ತಾಗಿದ್ದು ಮೂರು ಟಚ್‌ಗಳ ಲೆಕ್ಕಕ್ಕೆ ಬರುವುದಿಲ್ಲ, ಬೀಚ್ ವಾಲಿಬಾಲ್‌ನಲ್ಲಿ ಬರುತ್ತದೆ. ಅದು ಗೊತ್ತಿಲ್ಲದೆ ನಾವು ಎರಡು ವಾರ ಸರಿಯಾದ ಆಟವನ್ನೇ "ನಾಲ್ಕು" ಅಂತ ನಿಲ್ಲಿಸುತ್ತಿದ್ದೆವು. ಅಮೆರಿಕದ ಕಾಲೇಜು ಮಹಿಳಾ ವಾಲಿಬಾಲ್‌ನಲ್ಲಂತೂ 2024ರಿಂದ, ಬಾಲ್ ತಮ್ಮದೇ ಟೀಮಿನವರಿಗೆ ಹೋಗುತ್ತಿದ್ದರೆ, ಎರಡನೇ ಟಚ್‌ನ ಡಬಲ್ಲನ್ನೂ ತಪ್ಪು ಅನ್ನುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ. ಹೊಸಬರಿಗೆ ಅದನ್ನು ಬೇರೆಯಾಗಿಯೇ ಹೇಳಿಕೊಡಬೇಕು ಅಲ್ವಾ?

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈಗಿನದು ರ‍್ಯಾಲಿ ಪಾಯಿಂಟ್. ಹಿಂದೆ ಸರ್ವಿಸ್ ಮಾಡಿದ ಟೀಮಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಅವರೇ ತಪ್ಪು ಮಾಡಿದರೆ ಸರ್ವಿಸ್ ಹೋಗುತ್ತಿತ್ತು, ಅಷ್ಟೇ. 1990ರ ದಶಕದ ಕೊನೆಗೆ ಅದು ಬದಲಾಯಿತು. ಈಗ ಯಾರೇ ತಪ್ಪಿದರೂ ಎದುರಿನವರಿಗೆ ಪಾಯಿಂಟ್. 25ರ ಸೆಟ್‌ನಲ್ಲಿ ಇಲ್ಲದ ತಪ್ಪಿಗೆ ನಾಲ್ಕು ಪಾಯಿಂಟ್ ಕೊಟ್ಟರೆ ಸೆಟ್ಟೇ ಹೋಯಿತು.

ಲಿಫ್ಟ್ ಅನ್ನುವ ಮಾತಿನ ಗೊಂದಲವನ್ನೂ ಹೇಳಬೇಕು. ನಮ್ಮ ಬ್ಯಾಚಿನಲ್ಲಿ ಹಿಂದೆ ಚೆನ್ನಾಗಿ ಆಡಿದ್ದ ಹಿರಿಯರೊಬ್ಬರಿದ್ದರು. ಅವರಿಗೆ ಲಿಫ್ಟ್ ಅಂದರೆ ಸ್ಮ್ಯಾಶ್‌ಗೆ ಎತ್ತಿಕೊಡುವುದು, ಎತ್ತಿಕೊಡುವವರು ಲಿಫ್ಟರ್. ಇಂಗ್ಲಿಷ್ ವಿಡಿಯೋ ನೋಡಿ ಕಲಿತ ಹುಡುಗರಿಗೆ ಲಿಫ್ಟ್ ಅಂದರೆ ಬಾಲ್ ಹಿಡಿದು ಎತ್ತಿದ ತಪ್ಪು, ಅಂದರೆ ಹೋಲ್ಡಿಂಗ್. ಒಂದು ಸಲ ಆ ಹಿರಿಯರು, ಸೆಟ್ ಮಾಡಿದ ಹುಡುಗನಿಗೆ "ಒಳ್ಳೇ ಲಿಫ್ಟ್!" ಅಂದಾಗ ಆ ಹುಡುಗ ಬಾಲ್ ಬಿಟ್ಟು ನಿಂತುಬಿಟ್ಟ. ಕೋಚ್ ಇಬ್ಬರನ್ನೂ ಕರೆದು, ಇನ್ನು ಮೇಲೆ ತಪ್ಪಿಗೆ ಹೋಲ್ಡಿಂಗ್ ಅಂತಲೇ ಹೇಳೋಣ ಅಂದರು. ಒಳ್ಳೆಯ ತೀರ್ಮಾನ. ಮೊದಲ ದಿನವೇ ಹೇಳಬಹುದಿತ್ತು.

ಎರಡನೇ ಕೊರತೆ ಬಾಲ್‌ಗಳು. ಹತ್ತು ಬಾಲ್‌ಗಳಲ್ಲಿ ಮೂರು ಕಲ್ಲಿನ ಹಾಗೆ ಗಟ್ಟಿ ಇದ್ದವು. ಇಂಡೋರ್ ಬಾಲ್ 260ರಿಂದ 280 ಗ್ರಾಂ ಇರಬೇಕು, ಒಳಗಿನ ಗಾಳಿ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕೆಜಿ. ಅದಕ್ಕಿಂತ ಜಾಸ್ತಿ ತುಂಬಿದರೆ ಮುಂಗೈ ಉರಿಯುತ್ತದೆ, ಬಾಲೂ ಜಾಸ್ತಿ ಪುಟಿಯುತ್ತದೆ. ಕಲಿಯುವವರು ತಮ್ಮ ಕೈಯನ್ನೇ ಅನುಮಾನಿಸುವ ಹಾಗಾಗುತ್ತದೆ. ಗೇಜ್ ಇಟ್ಟುಕೊಂಡು ವಾರಕ್ಕೊಮ್ಮೆ ನೋಡಿದರೆ ಮುಗಿಯುವ ಕೆಲಸ. ಮೂರನೇ ವಾರ ಕೇಳಿದೆ, ಆರನೇ ವಾರ ಸರಿಮಾಡಿದರು. ನೆಟ್ ಮಾತ್ರ ಪ್ರತಿ ಸಲ ಅಳೆದು ಮಹಿಳೆಯರ ಎತ್ತರಕ್ಕೆ, 2.24 ಮೀಟರಿಗೆ, ಕಟ್ಟುತ್ತಿದ್ದರು.

ರೊಟೇಷನ್‌ಗೆ ಕೊಟ್ಟದ್ದು ಅರ್ಧ ಗಂಟೆ. ಸಾಲದು. ಎಂಟನೇ ವಾರದಲ್ಲೂ ಸರ್ವಿಸ್ ಯಾರದು ಅಂತ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಕೊನೆಯ ಕ್ಲಾಸಿನ ದಿನ ಮೇಡಂ ಎರಡನೇ ಕ್ಲಾಸಿನ ಬೋರ್ಡಿನ ಫೋಟೋ ತೋರಿಸಿದರು. ಚಳಿ ಕಾಯಿಸೋದು ಪಕ್ಕ ಹತ್ತೊಂಬತ್ತು ಗೀಟಿದ್ದವು. ಅವತ್ತಿನ ಬೋರ್ಡಿನಲ್ಲಿ ನಾಲ್ಕು. ಮನೆಗೆ ಬಂದಾಗ ಮಗಳೂ ಮ್ಯಾಚ್ ಮುಗಿಸಿ ಬಂದಿದ್ದಳು. "ಎರಡು ಶ್ಯಾಂಕ್" ಅಂದಳು. "ಯಾವ ಕಡೆ ಹೋಯ್ತು?" ಅಂತ ಕೇಳಿದೆ. ಅವಳು ಬ್ಯಾಗ್ ಕೆಳಗಿಟ್ಟು, ಕೈ ಜೋಡಿಸಿ ನನ್ನ ಮುಂದೆ ಚಾಚಿದಳು.

ಮುಂದಿನ ಬ್ಯಾಚಿಗೂ ಹೆಸರು ಕೊಟ್ಟಿದ್ದೇನೆ. ನಿಯಮದ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ಬೇರೆ ಬರೆಯಿರಿ ಅಂತ ಕೇಳಿದ್ದೇನೆ, ಆಗಲಿ ಅಂದಿದ್ದಾರೆ. ರೊಟೇಷನ್‌ಗೆ ಎರಡು ಪೂರ್ತಿ ಕ್ಲಾಸ್ ಇಡುತ್ತಾರಂತೆ.