ಓಮ್ ನಿಯಮದ ಪ್ರಯೋಗ ಕಿಟ್: ಕೆಲವು ವರ್ಷ ಬಳಸಿದ ಮೇಲೆ

ನಿಕ್ರೋಮ್ ತಂತಿಯ ಸುರುಳಿ, ಮುಳ್ಳಿನ ಅಮ್ಮೀಟರ್, ವೋಲ್ಟ್‌ಮೀಟರ್, ಪ್ರವಾಹವನ್ನು ಹೆಚ್ಚುಕಡಿಮೆ ಮಾಡುವ ರಿಯೋಸ್ಟಾಟ್, ಪ್ಲಗ್ ಕೀ, ಸೆಲ್ ಡಬ್ಬಿ. ಕಿಟ್‌ನಲ್ಲಿ ಇರುವುದು ಇಷ್ಟೇ. ತೋರಿಸಬೇಕಾದ ನಿಯಮವೂ ಸರಳ: ಉಷ್ಣತೆ ಬದಲಾಗದಿದ್ದರೆ ತಂತಿಗೆ ಕೊಟ್ಟ ವೋಲ್ಟೇಜ್ ಏರಿದಷ್ಟೇ ಪಟ್ಟು ಪ್ರವಾಹವೂ ಏರುತ್ತದೆ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವುದೇ ತಂತಿಯ ರೋಧ, ಓಮ್‌ಗಳಲ್ಲಿ. ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡಲು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮೀಟರುಗಳು ಸಾಧಾರಣ. ಆದರೂ ಕೊಳ್ಳಿ ಎನ್ನುತ್ತೇನೆ, ಗ್ರಾಫ್ ಹಾಳೆಯ ಮುಂದೆ ಕೂರುವ ತಾಳ್ಮೆ ಇದ್ದರೆ.

ನನ್ನ ಅಮ್ಮೀಟರಿನ ಮುಳ್ಳು ಈಗ ಸೊನ್ನೆಗೆ ಇಳಿಯುವುದಿಲ್ಲ, 0.05 ಆಂಪಿಯರ್‌ನಲ್ಲೇ ನಿಂತುಬಿಡುತ್ತದೆ. 5 ಓಮ್ ತಂತಿಗೆ 1, 2, 3 ವೋಲ್ಟ್ ಕೊಟ್ಟರೆ ಅದು ತೋರಿಸುವುದು 0.25, 0.45, 0.65. ಜೊತೆಗೆ ಬಂದ ಕೈಪಿಡಿ ಹೇಳುವಂತೆ ಪ್ರತಿ ರೀಡಿಂಗಿನಲ್ಲೂ ಈ ಭಾಗಾಕಾರ ಮಾಡಿ ಸರಾಸರಿ ತೆಗೆದರೆ ಸುಮಾರು 4.35 ಓಮ್ ಬರುತ್ತದೆ. ಅವೇ ಬಿಂದುಗಳನ್ನು ಗ್ರಾಫಿನಲ್ಲಿಟ್ಟು ಗೆರೆ ಎಳೆದರೆ 2 ವೋಲ್ಟ್ ಏರಿಕೆಗೆ 0.4 ಆಂಪಿಯರ್, ಅಂದರೆ ಇಳಿಜಾರು 5. ಮುಳ್ಳಿನ ದೋಷ ಗೆರೆಯನ್ನು ಪಕ್ಕಕ್ಕೆ ಸರಿಸಿತೇ ಹೊರತು ಅದರ ಓರೆಯನ್ನು ಮುಟ್ಟಲಿಲ್ಲ. ಗೆರೆ ಮೂಲಬಿಂದುವಿನಲ್ಲೇ ಹಾಯಬೇಕೆಂದು ಕೈಪಿಡಿ ಹಟ ಹಿಡಿಯುತ್ತದೆ. ಆ ಪುಟವನ್ನು ನಾನು ಮಕ್ಕಳಿಗೆ ತೋರಿಸುವುದೇ ಇಲ್ಲ. (ವೋಲ್ಟೇಜ್ ಲಂಬ ಅಕ್ಷದಲ್ಲಿರಲಿ. ಅಕ್ಷ ಅದಲುಬದಲಾದರೆ ಇಳಿಜಾರು 0.2 ಆಗುತ್ತದೆ, ರೋಧ ಅದರ ವಿಲೋಮ.)

ಎಲ್ಲ ದೋಷವನ್ನೂ ಗ್ರಾಫ್ ಬಯಲಿಗೆಳೆಯುತ್ತದೆ ಅಂತಲ್ಲ. ಈ ವೋಲ್ಟ್‌ಮೀಟರಿನ ಒಳರೋಧ 3 ಕಿಲೋಓಮ್. ತಂತಿಯ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಬೇರೆ ಮಿಲಿಅಮ್ಮೀಟರ್ ತಂದು 1 ಕಿಲೋಓಮ್ ರೆಸಿಸ್ಟರನ್ನು ಅಳೆದರೆ ಗೆರೆ ನೆಟ್ಟಗೆ ಮೂಲಬಿಂದುವಿನಲ್ಲೇ ಹಾಯ್ದು 750 ಓಮ್ ಎನ್ನುತ್ತದೆ! ವೋಲ್ಟ್‌ಮೀಟರ್ ಕುಡಿಯುವ ಪ್ರವಾಹವೂ ಅಳತೆಗೆ ಸೇರಿಕೊಂಡಿರುತ್ತದೆ. ವೋಲ್ಟ್‌ಮೀಟರನ್ನು ಮಿಲಿಅಮ್ಮೀಟರಿನ ಆಚೆಗೆ, ರೆಸಿಸ್ಟರ್ ಮತ್ತು ಮಿಲಿಅಮ್ಮೀಟರ್ ಎರಡನ್ನೂ ಒಳಗೊಳ್ಳುವಂತೆ ಜೋಡಿಸಿದರೆ ಬಹುಪಾಲು ಸರಿಹೋಗುತ್ತದೆ.

ತಂತಿಯ ಜಾಗದಲ್ಲಿ ಟಾರ್ಚ್ ಬಲ್ಬು ಹಾಕಿದಾಗ ಗೆರೆ ಬಾಗುತ್ತದೆ. ಕಾದ ಟಂಗ್‌ಸ್ಟನ್ನಿನ ರೋಧ ಏರುತ್ತದಲ್ಲ. ಅಲ್ಲಿ ಇಳಿಜಾರು ತೆಗೆಯಬೇಡಿ, ಆಯಾ ಬಿಂದುವಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ.

ಸೆಲ್‌ಗಳು ಬೇಗ ಸೊರಗುತ್ತವೆ, ರೀಡಿಂಗ್ ಮುಗಿದೊಡನೆ ಕೀ ತೆಗೆಯಿರಿ. ಈ ನಿಯಮ ಕೊಟ್ಟ ವಿಜ್ಞಾನಿ ಓಮ್ ಕೂಡ ತನ್ನ ಕಾಲದ ಸೆಲ್‌ಗಳ ಏರಿಳಿತಕ್ಕೆ ಬೇಸತ್ತು, ಎರಡು ಲೋಹಗಳ ಬೆಸುಗೆಗಳ ನಡುವಿನ ಉಷ್ಣತೆಯ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಥರ್ಮೋಕಪಲ್‌ಗೆ ಬದಲಾಯಿಸಿಕೊಂಡಿದ್ದ. ರಿಯೋಸ್ಟಾಟಿನ ಜಾರುಕ ಸಡಿಲವಾಗಿದೆ, ಮೊಸಳೆ ಕ್ಲಿಪ್ಪುಗಳಿಗೆ ತುಕ್ಕು ಹಿಡಿದಿದೆ. ಕ್ಲಿಪ್ಪುಗಳನ್ನು ಬದಲಿಸಿದೆ, ಅಮ್ಮೀಟರನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೇನೆ, ಪಾಠಕ್ಕೆ ಹೊಸದಕ್ಕಿಂತ ಅದೇ ವಾಸಿ.