ಕಾಣದ ಕಾರಿಗೆ ಮುಂಗಡ ಕೊಡುವಾಗ: ಮೈಸೂರಿನ ಒಂದು ಶೋರೂಂ, ಒಂದು ನೆಕ್ಸಾನ್

ಡೀಲರ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ಕಾರಿನ ವಿಮರ್ಶೆ ಅಲ್ಲ. ಕಾರು ಇನ್ನೂ ಫ್ಯಾಕ್ಟರಿಯಿಂದ ಹೊರಟೇ ಇಲ್ಲದಾಗ ದುಡ್ಡು ಕೊಟ್ಟು, ಅದು ಬಂದು ಕೈಗೆ ಸಿಗುವವರೆಗೆ ಶೋರೂಂನವರು ನಮ್ಮನ್ನು ಹೇಗೆ ನಡೆಸಿಕೊಂಡರು ಅನ್ನುವುದರ ವಿಮರ್ಶೆ. ಶೋರೂಂ ಹೆಸರು ಬರೆಯುತ್ತಿಲ್ಲ. ಅಲ್ಲಿ ಸಿಕ್ಕ ಒಳ್ಳೆಯದೂ ಕೆಟ್ಟದ್ದೂ ಒಬ್ಬೊಬ್ಬ ಮನುಷ್ಯರಿಂದ ಬಂದದ್ದು, ನಾಳೆ ಅವರೇ ಅಲ್ಲಿ ಇರುತ್ತಾರೆ ಅಂತ ಇಲ್ಲ. ನೀವು ಯಾವ ಕಂಪನಿಯ ಕಾರು ಬುಕ್ ಮಾಡಿದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುತ್ತದೆ. ಡಾಂಬರು ಮುಗಿದ ಮೇಲೆ ತೋಟದ ರಸ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬರೀ ಕಲ್ಲು ಮತ್ತು ಹರಿಯುವ ನೀರು. ಹಳೆಯ ಆಲ್ಟೋದ ಹೊಟ್ಟೆ ಅಲ್ಲಿ ತಾಗದ ದಿನವೇ ಇರಲಿಲ್ಲ. ಅತ್ತೆಗೆ ಮಂಡಿನೋವು, ತಗ್ಗಿನ ಸೀಟಿನಿಂದ ಏಳುವಾಗ ಇಬ್ಬರು ಹಿಡಿಯಬೇಕು. 2025ರ ಶುರುವಿನಲ್ಲಿ ಕಾಫಿಗೆ ಒಳ್ಳೆಯ ರೇಟ್ ಸಿಕ್ಕಿತು. ನನ್ನದು ಶಾಲೆಯ ಕೆಲಸ, ಮಳೆಯಿರಲಿ ಬಿಸಿಲಿರಲಿ ದಿನವೂ ಹೋಗಲೇಬೇಕು. ಹಾಗಾಗಿ ಟಾಟಾ ನೆಕ್ಸಾನ್ ಡೀಸೆಲ್ ಎಂದು ತೀರ್ಮಾನ ಆಯಿತು. ಗ್ರೌಂಡ್ ಕ್ಲಿಯರೆನ್ಸ್ 208 ಮಿಲಿಮೀಟರ್. ಟಾರ್ಕ್, ಅಂದರೆ ಎಂಜಿನ್ ಎಳೆಯುವ ಬಲ, 260 ನ್ಯೂಟನ್ ಮೀಟರ್. ಸೀಟಿನ ಎತ್ತರ ಅತ್ತೆಗೆ ಸರಿಹೊಂದುತ್ತದೆ. ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಇರುವುದು ಯಜಮಾನರಿಗೆ ಮುಖ್ಯವಾಗಿತ್ತು.

ಟೆಸ್ಟ್ ಡ್ರೈವ್ ವಿಷಯದಲ್ಲೇ ಶೋರೂಂನವರು ನನಗೆ ಇಷ್ಟವಾದರು. ಮೈಸೂರಿನ ರಿಂಗ್ ರೋಡ್ ಮಟ್ಟಸ ರಸ್ತೆ. ಅಲ್ಲಿ ಓಡಿಸಿದರೆ ಕೊಡಗಿನವರಿಗೆ ಏನೂ ಗೊತ್ತಾಗುವುದಿಲ್ಲ. "ಚಾಮುಂಡಿ ಬೆಟ್ಟ ಹತ್ತಿಸಿ ನೋಡಬೇಕಪ್ಪ" ಅಂದೆ. ಸೇಲ್ಸ್ ಹುಡುಗ ಒಂದು ಮಾತೂ ಎದುರಾಡಲಿಲ್ಲ. ಅತ್ತೆಯನ್ನೂ ಹಿಂದೆ ಕೂರಿಸಿಕೊಂಡು ಹೋದೆವು. ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ನಿಧಾನ ಮಾಡಿ ಮತ್ತೆ ಎತ್ತಿದಾಗ ಕಾರು ಗೊಣಗದೆ ಹೋಯಿತು. ಅಷ್ಟು ಸಾಕಾಗಿತ್ತು.

ನಮಗೆ ಬೇಕಾದ ಬೂದು ಬಣ್ಣ, ಮಧ್ಯದ ವೇರಿಯಂಟ್, ಮ್ಯಾನುಯಲ್ ಡೀಸೆಲ್ ಅವರ ಸ್ಟಾಕ್‌ನಲ್ಲಿ ಇರಲಿಲ್ಲ. ಪುಣೆ ಹತ್ತಿರದ ರಂಜನಗಾಂವ್ ಫ್ಯಾಕ್ಟರಿಯಿಂದ ಬರಬೇಕು. ಆಗ ಆಟಿ ತಿಂಗಳು ಬೇರೆ. ಅತ್ತೆ ಆಟಿಯಲ್ಲಿ ಹೊಸ ಗಾಡಿ ಅಂಗಳಕ್ಕೆ ಬರಕೂಡದು ಅಂದಿದ್ದರು. ಕಾಯಲು ನಮಗೇನೂ ತೊಂದರೆ ಇರಲಿಲ್ಲ. 21 ಸಾವಿರ ಕೊಟ್ಟು ಬುಕ್ ಮಾಡಿದೆವು.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬುಕಿಂಗ್ ಬೇರೆ, ಅಲಾಟ್‌ಮೆಂಟ್ ಬೇರೆ. ಬುಕಿಂಗ್ ಅಂದರೆ ನೀವು ಸಾಲಿನಲ್ಲಿ ನಿಂತಿದ್ದೀರಿ ಅಂತ, ಅಷ್ಟೇ. ಇಂಥದ್ದೇ ಕಾರು ನಿಮ್ಮದು ಎಂದು ಆಗುವುದು ಚಾಸಿಸ್ ನಂಬರ್, ಅಂದರೆ ಒಂದೊಂದು ಕಾರಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ನಿಮ್ಮ ಹೆಸರಿನ ಮುಂದೆ ಬರೆದಾಗ. ಅದೇ ಅಲಾಟ್‌ಮೆಂಟ್. ಆ ನಂಬರ್ ಬರೆಯುವವರೆಗೆ ಲಾರಿಯಲ್ಲಿ ಬರುತ್ತಿರುವ ಬೂದು ಬಣ್ಣದ ಕಾರು ಯಾರಿಗೆ ಬೇಕಾದರೂ ಹೋಗಬಹುದು. ಹಬ್ಬದ ಹೊತ್ತಿಗೆ ಜಾಸ್ತಿ ಒತ್ತಾಯ ಮಾಡಿದವರಿಗೆ, ಪೂರ್ತಿ ದುಡ್ಡು ಕೈಯಲ್ಲಿ ಹಿಡಿದು ಬಂದವರಿಗೆ ಹೋಗಿಬಿಡಬಹುದು.

ಅದಕ್ಕೇ ದುಡ್ಡು ಕೊಡುವ ಮುಂಚೆ ಫಾರ್ಮ್ ಪೂರ್ತಿ ಓದಿದೆ. ದುಡ್ಡನ್ನು ಕಂಪನಿ ಖಾತೆಗೇ ಹಾಕಿದೆ, ಹುಡುಗನ ಫೋನ್‌ಪೇಗೆ ಅಲ್ಲ. ಬುಕಿಂಗ್ ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ ಅನ್ನುವುದನ್ನು ಕೈಬರಹದಲ್ಲಿ ಬರೆಸಿ ಸೀಲ್ ಹಾಕಿಸಿದೆ. ಕಾರು ಫ್ಯಾಕ್ಟರಿಯಿಂದ ಹೊರಟ ಕೂಡಲೇ ಚಾಸಿಸ್ ನಂಬರ್ ಮೆಸೇಜ್ ಮಾಡಬೇಕು, ಬಿಲ್ ಮಾಡುವ ಮುಂಚೆ ಯಾರ್ಡ್‌ನಲ್ಲಿ, ಅಂದರೆ ಅವರು ಹೊಸ ಕಾರು ನಿಲ್ಲಿಸುವ ಜಾಗದಲ್ಲಿ, ಕಾರು ತೋರಿಸಬೇಕು ಎಂದೂ ಬರೆಸಿದೆ. ಹುಡುಗ ಸ್ವಲ್ಪ ಹಿಂದೆ ಮುಂದೆ ನೋಡಿದ. ಮ್ಯಾನೇಜರನ್ನು ಕೇಳಿ ಬಂದು ಬರೆದುಕೊಟ್ಟ.

ಫಾರ್ಮ್‌ನ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ಬೆಲೆ ಡೆಲಿವರಿ ದಿನದ್ದು, ಬುಕಿಂಗ್ ದಿನದ್ದಲ್ಲ ಅಂತ. ಜನವರಿಯಲ್ಲಿ ಕಂಪನಿಗಳು ರೇಟ್ ಏರಿಸಿದಾಗ ಈ ಸಾಲು ನಮ್ಮ ಜೇಬಿಗೆ ಕೈ ಹಾಕುತ್ತದೆ. ನಮ್ಮ ಪಾಲಿಗೆ ಈ ಸಲ ಅದೇ ಸಾಲು ಕಾಪಾಡಿತು. ಹೇಗೆ ಅಂತ ಹೇಳುತ್ತೇನೆ.

ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ದೀಪಾವಳಿ ಹೊತ್ತಿಗೆ ಜಿಎಸ್‌ಟಿ ಇಳಿಯುತ್ತದೆ ಅಂದರು. ಎಷ್ಟು, ಯಾವುದಕ್ಕೆ, ಯಾವಾಗ ಒಂದೂ ಗೊತ್ತಿರಲಿಲ್ಲ. ನಮ್ಮ ಕಾರು ಆಗಸ್ಟ್ ಕೊನೆಯ ಹೊತ್ತಿಗೆ ಯಾರ್ಡ್‌ಗೆ ಬಂತು. ಚಾಸಿಸ್ ನಂಬರ್ ಮೆಸೇಜ್ ಅದಕ್ಕಿಂತ ಮೊದಲೇ ಬಂದಿತ್ತು, ಮಾತಿನಂತೆ. ಮ್ಯಾನೇಜರ್ ಫೋನ್ ಮಾಡಿ ಗಣೇಶ ಹಬ್ಬಕ್ಕೆ ತಗೊಂಡು ಹೋಗಿ ಮೇಡಂ, ಈ ತಿಂಗಳ ಆಫರ್ ಮುಂದಿನ ತಿಂಗಳು ಇರಲ್ಲ ಅಂದರು. ತಿಂಗಳ ಕೊನೆ, ಟಾರ್ಗೆಟ್ ಇರುತ್ತದೆ, ಅರ್ಥವಾಗುತ್ತದೆ. ಆದರೆ ಸಂಜೆ ಸೇಲ್ಸ್ ಹುಡುಗ ತಾನಾಗಿಯೇ ಫೋನ್ ಮಾಡಿದ. "ಮೇಡಂ, ನಿಮಗೆ ಅರ್ಜೆಂಟ್ ಇಲ್ಲ ಅಂದ್ರೆ ಬಿಲ್ ಮಾಡಿಸಬೇಡಿ. ಜಿಎಸ್‌ಟಿ ಕೌನ್ಸಿಲ್ ಮೀಟಿಂಗ್ ಆಗಲಿ. ಕಾರು ನಿಮ್ಮ ಹೆಸರಲ್ಲೇ ಇರುತ್ತೆ." ಅವನಿಗೆ ಆ ತಿಂಗಳ ಇನ್ಸೆಂಟಿವ್ ಹೋಗುತ್ತಿತ್ತು. ಆದರೂ ಹೇಳಿದ. ನಾನು ಕೊಡುವ ನಾಲ್ಕರಲ್ಲಿ ಎರಡು ಪೂರ್ತಿ ಆ ಒಂದು ಫೋನ್‌ಗೆ.

ಸೆಪ್ಟೆಂಬರ್ 3ರಂದು ಕೊಡವರ ಕೈಲ್‌ಪೊಳ್ದ್ ಹಬ್ಬ. ಪಕ್ಕದ ತೋಟದ ಕೊಡವ ಗೆಳೆಯರ ಮನೆಯಲ್ಲಿ ಕಡಂಬುಟ್ಟು ಊಟ. ರಾತ್ರಿ ಟಿವಿಯಲ್ಲಿ ಸುದ್ದಿ ಬಂತು. ಸಣ್ಣ ಕಾರುಗಳಿಗೆ ಶೇಕಡಾ 18, ಸೆಪ್ಟೆಂಬರ್ 22ರಿಂದ. ಡೀಸೆಲ್ ಆದರೆ ಎಂಜಿನ್ 1500 ಸಿಸಿ ಮೀರಬಾರದು, ಉದ್ದ ನಾಲ್ಕು ಮೀಟರ್ ಮೀರಬಾರದು. ನೆಕ್ಸಾನ್ ಎಂಜಿನ್ 1497 ಸಿಸಿ, ಉದ್ದ 3995 ಮಿಲಿಮೀಟರ್. ಎರಡು ಗೆರೆಯನ್ನೂ ಕೂದಲೆಳೆಯಲ್ಲಿ ಪಾಸು ಮಾಡಿತು. ಅಲ್ಲಿವರೆಗೆ ಅದಕ್ಕೆ ಶೇಕಡಾ 28 ಜಿಎಸ್‌ಟಿ, ಮೇಲೆ 3 ಸೆಸ್, ಒಟ್ಟು 31 ಇತ್ತು. ಎರಡು ದಿನಕ್ಕೆ ಟಾಟಾದವರು ನೆಕ್ಸಾನ್ ಬೆಲೆ 1.55 ಲಕ್ಷದವರೆಗೆ ಇಳಿಯುತ್ತದೆ ಎಂದು ಪ್ರಕಟಿಸಿದರು.

ಇಳಿದದ್ದು ಜಿಎಸ್‌ಟಿ ಒಂದೇ ಅಲ್ಲ. ಇದನ್ನು ಶೋರೂಂನಲ್ಲಿ ಯಾರೂ ಹೇಳಲಿಲ್ಲ, ನಾನೇ ಕೂತು ಲೆಕ್ಕ ಹಾಕಿದೆ. ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ 10 ಲಕ್ಷ ದಾಟಿ 20 ಲಕ್ಷದ ಒಳಗಿದ್ದರೆ ಜೀವಾವಧಿ ರಸ್ತೆ ತೆರಿಗೆ ಶೇಕಡಾ 17. ಐದರಿಂದ 10 ಲಕ್ಷದ ಒಳಗಾದರೆ 14. ನಮ್ಮ ವೇರಿಯಂಟ್ ಮೊದಲು 10 ಲಕ್ಷದ ಮೇಲಿತ್ತು, ಇಳಿದ ಮೇಲೆ ಕೆಳಗೆ ಬಂತು. ರಸ್ತೆ ತೆರಿಗೆ ಎರಡು ಕಡೆಯಿಂದ ಕಡಿಮೆ ಆಯಿತು. ಬೆಲೆಯೂ ಕಡಿಮೆ, ದರವೂ ಕಡಿಮೆ. 10 ಲಕ್ಷ ಮೀರಿದ ಕಾರಿಗೆ ಮಾರುವವರೇ ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಶೇಕಡಾ 1 ತೆರಿಗೆ, ಟಿಸಿಎಸ್, ಕೂಡ ಇಲ್ಲವಾಯಿತು. ಅದು ಆದಾಯ ತೆರಿಗೆಯಲ್ಲಿ ಲೆಕ್ಕಕ್ಕೆ ಬರುವ ದುಡ್ಡೇ, ಆದರೂ ಕೈಯಿಂದ ಕೊಡುವಾಗ ಕೊಡಲೇಬೇಕಲ್ವಾ. ಇನ್ಶೂರೆನ್ಸ್ ಕೂಡ ಕಾರಿನ ಬೆಲೆಯ ಮೇಲೆ ನಿಂತದ್ದು, ಅಲ್ಲೂ ಸ್ವಲ್ಪ ಇಳಿಯಿತು. ಬ್ಯಾಂಕ್‌ಗೆ ಹೊಸ ಪ್ರೊಫಾರ್ಮಾ, ಅಂದರೆ ಬಿಲ್‌ಗೆ ಮುಂಚಿನ ಬೆಲೆ ಪಟ್ಟಿ, ಕೊಟ್ಟು ಸಾಲದ ಮೊತ್ತವನ್ನೂ ಇಳಿಸಿಕೊಂಡೆವು. ಬಿಲ್ ತಾರೀಕಿಗೆ ಮುಂಚೆ ಸಾಲದ ದುಡ್ಡು ಶೋರೂಂಗೆ ಹೋಗಬಾರದು ಎಂದು ಬ್ಯಾಂಕಿನಲ್ಲಿ ಗಟ್ಟಿಯಾಗಿ ಹೇಳಿದ್ದೆ. ಹೋದ ದಿನದಿಂದ ಬಡ್ಡಿ ನಮ್ಮದು, ಕಾರು ಮಾತ್ರ ಅವರ ಯಾರ್ಡ್‌ನಲ್ಲಿ. ಅದು ಯಾವ ನ್ಯಾಯ?

22ಕ್ಕೆ ಮುಂಚೆ ಪಿತೃಪಕ್ಷ ಬೇರೆ ಇತ್ತು. ಹಾಗಾಗಿ ಮನೆಯಲ್ಲಿ ಕಾಯುವುದರ ಬಗ್ಗೆ ಚರ್ಚೆಯೇ ಆಗಲಿಲ್ಲ.

ಶೋರೂಂ ಒಂದು ಪಾಯಿಂಟ್ ಕಳೆದುಕೊಂಡದ್ದು ಈ ಕಾಯುವ ಸಮಯದಲ್ಲಿ. ಆ ಒಳ್ಳೆಯ ಹುಡುಗ ಕೆಲಸ ಬಿಟ್ಟು ಬೇರೆ ಕಡೆ ಹೋದ. ನಮಗೆ ಯಾರೂ ತಿಳಿಸಲಿಲ್ಲ. ಫೋನ್ ಮಾಡಿದರೆ ಇನ್ನೊಬ್ಬ ಎತ್ತಿ "ಯಾವ ಬುಕಿಂಗ್ ಮೇಡಂ?" ಅಂದ. ಆಮೇಲೆ "ಬೂದು ಬಣ್ಣದ್ದು ಲೇಟ್ ಆಗುತ್ತೆ, ಬಿಳಿ ರೆಡಿ ಇದೆ, ನವರಾತ್ರಿ ಮೊದಲ ದಿನವೇ ಕೊಡ್ತೀವಿ" ಅಂದ. ಬೂದು ಕಾರು ಯಾರ್ಡ್‌ನಲ್ಲೇ ನಿಂತಿದೆ ಎಂದು ನನಗೆ ಗೊತ್ತು. ಸೀಲ್ ಹಾಕಿದ ಫಾರ್ಮ್, ಚಾಸಿಸ್ ನಂಬರ್ ಇದ್ದ ಮೆಸೇಜ್ ಎರಡರ ಫೋಟೋವನ್ನೂ ಮ್ಯಾನೇಜರ್‌ಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿ ಕ್ಷಮೆ ಕೇಳಿದರು, ಕಾರು ನಿಮ್ಮದೇ ಅಂದರು. ಕಾಗದ ಇಲ್ಲದಿದ್ದರೆ ನಮ್ಮ ಕಾರು ಆವತ್ತು ಬೇರೆಯವರ ಮನೆಗೆ ಹೋಗುತ್ತಿತ್ತು ಎಂದೇ ನನ್ನ ನಂಬಿಕೆ. ನೂರಾರು ಮೈಲಿಯಿಂದ ಲಾರಿ ಮೇಲೆ ಬರುವ ವಸ್ತುವಿಗೆ ಜನ ನಂಬಿ ದುಡ್ಡು ಕಟ್ಟುತ್ತಾರೆ. ಹುಡುಗರು ಬದಲಾಗಲಿ, ಆದರೆ ಯಾವ ಕಾರು ಯಾರದ್ದು ಎನ್ನುವ ಲೆಕ್ಕ ಶೋರೂಂನ ಪುಸ್ತಕದಲ್ಲಿ ಇರಬೇಕು.

ಯಾರ್ಡ್‌ನಲ್ಲಿ ಕಾರು ನೋಡಲು ನಾನು ಮತ್ತು ನನ್ನ ತಮ್ಮ ಹೋದೆವು. ಹಗಲು ಬೆಳಕಿನಲ್ಲೇ ನೋಡಿ. ದೀಪದ ಕೆಳಗೆ ಗೀರು ಕಾಣುವುದಿಲ್ಲ. ಕಾರಿನ ಮೇಲಿನ ಚಾಸಿಸ್ ನಂಬರನ್ನು ಮೆಸೇಜ್ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿದೆವು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ವಾರ ಹೇಳುತ್ತವೆ, ಕೊನೆಯ ಎರಡು ಅಂಕಿ ವರ್ಷ. 2825 ಅಂದರೆ 2025ರ 28ನೇ ವಾರದಲ್ಲಿ ಮಾಡಿದ ಟೈರ್. ನಾಲ್ಕು ಚಕ್ರ ಮತ್ತು ಸ್ಟೆಪ್ನಿ ಎಲ್ಲದರಲ್ಲೂ ಹತ್ತಿರ ಹತ್ತಿರದ ವಾರ ಇರಬೇಕು. ಓಡೋಮೀಟರ್ ಐವತ್ತರ ಒಳಗಿತ್ತು. ಮಳೆಯಲ್ಲಿ ನಿಂತ ಕಾರು, ಹಾಗಾಗಿ ಕಾರ್ಪೆಟ್ ಎತ್ತಿ ಕೈಯಾಡಿಸಿ ತೇವ ಇದೆಯಾ ನೋಡಿದೆವು. ಬಾನೆಟ್ ಒಳಗೆ ಇಲಿ ಹಿಕ್ಕೆ ಇದೆಯಾ ಅಂತಲೂ ನೋಡಿದೆವು. ಯಾರ್ಡ್‌ನ ಇಲಿ ವೈರ್ ಕಡಿದರೆ ಆ ತಲೆನೋವು ಆಮೇಲೆ ನಮ್ಮದು. ಹಿಂದಿನ ಬಂಪರ್‌ನಲ್ಲಿ ಒಂದು ಸಣ್ಣ ಗೀರು ಸಿಕ್ಕಿತು. ಫೋಟೋ ತೆಗೆದು ತೋರಿಸಿದೆ. ಬಂಪರ್ ಬದಲಿಸಿಕೊಟ್ಟರು, ವಾದ ಮಾಡಲಿಲ್ಲ. ಕಾರು ಮಾಡಿದ ತಿಂಗಳು, ವರ್ಷವನ್ನು ಮಾರಾಟ ಪತ್ರದಲ್ಲಿ, ಅಂದರೆ ಫಾರ್ಮ್ 21ರಲ್ಲಿ ನೋಡಿಕೊಳ್ಳಿ. ವರ್ಷದ ಕೊನೆಯಲ್ಲಿ ಬುಕ್ ಮಾಡುವವರು ಇದನ್ನು ಮರೆಯಲೇಬಾರದು.

ಬಿಲ್‌ನ ಕರಡಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಇತ್ತು. ಕಾರು ಶೋರೂಂವರೆಗೆ ಬರುವ ಖರ್ಚು ಎಕ್ಸ್‌ಶೋರೂಂ ಬೆಲೆಯಲ್ಲೇ ಸೇರಿದೆ, ಇದು ಯಾವುದಕ್ಕೆ ಅಂತ ಕೇಳಿದೆ. ತೆಗೆದುಹಾಕಿದರು. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಎಂಬ ನಿಯಮ ಇಲ್ಲ. ಹೊರಗಿನ ಕೊಟೇಶನ್ ತೋರಿಸಿದ ಮೇಲೆ ಅವರೂ ಇಳಿಸಿದರು. ನಮ್ಮ ಕಡೆಯ ಮಳೆಗೆ ಎಂಜಿನ್ ಪ್ರೊಟೆಕ್ಟ್, ಅಂದರೆ ನೀರು ಹೊಕ್ಕು ಎಂಜಿನ್ ಕೆಟ್ಟರೆ ಭರಿಸುವ ವಿಮೆ, ಬೇಕೇ ಬೇಕು, ಅದನ್ನು ಸೇರಿಸಿಕೊಂಡೆ. ಆಕ್ಸೆಸರೀಸ್ ಕಿಟ್ ಬೇಡ ಅಂದೆ. ಮ್ಯಾಟ್ ಮತ್ತು ಮಡ್ ಫ್ಲಾಪ್ ಸಾಕು.

ಮೈಸೂರಿನಲ್ಲಿ ತಗೊಳ್ಳುವ ಕೊಡಗಿನವರು ಒಂದು ಮಾತು ಮೊದಲೇ ಹೇಳಿ. ರಿಜಿಸ್ಟ್ರೇಶನ್ ಮಡಿಕೇರಿ ಆರ್‌ಟಿಒದಲ್ಲಿ ಆಗಬೇಕು, ಕೆಎ-12 ಬೇಕು ಅಂತ. ಸುಮ್ನೆ ಇದ್ದರೆ ಕೆಎ-09 ಅಥವಾ ಕೆಎ-55 ಹಾಕಿಸಿಬಿಡುವ ಸಾಧ್ಯತೆ ಇದೆ. ಯಾವ ನಂಬರ್ ಆದರೂ ಗಾಡಿ ಓಡುತ್ತದೆ, ನಿಜ. ಆದರೆ ನನಗೆ ನಮ್ಮ ಊರಿನ ನಂಬರ್ ಬೇಕಿತ್ತು. ಬುಕಿಂಗ್ ಫಾರ್ಮ್‌ನಲ್ಲೇ ಬರೆಸಿದ್ದೆ, ಹಾಗೇ ಆಯಿತು.

22ನೇ ತಾರೀಕು ಶೋರೂಂನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಎಂದು ಗೊತ್ತಿತ್ತು. ಆ ವಾರದಲ್ಲೇ ಬೇರೆ ದಿನ, ಬೆಳಿಗ್ಗೆ ಬೇಗ ಎಂದು ಕೇಳಿಕೊಂಡೆವು. ಹೊಸದಾಗಿ ಬಂದ ಹುಡುಗ ಅಂದು ಎಲ್ಲಾ ಬಟನ್ ತಾಳ್ಮೆಯಿಂದ ಹೇಳಿಕೊಟ್ಟ. ಅತ್ತೆಗೆ ಕುರ್ಚಿ ತಂದುಕೊಟ್ಟ, ಕಾಫಿ ಕೊಟ್ಟ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಧ್ಯಾಹ್ನದ ಊಟಕ್ಕೆ ಮನೆ. ತೋಟದ ರಸ್ತೆಯಲ್ಲಿ ಎಲ್ಲೂ ಕೆಳಗೆ ತಾಗಲಿಲ್ಲ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದರು. ಅಷ್ಟಕ್ಕೇ ನನಗೆ ಈ ಕಾರಿನ ಮೇಲೆ ಪ್ರೀತಿ ಬಂದುಬಿಟ್ಟಿತು.

ಈಗ ತಮ್ಮ ಅದೇ ಶೋರೂಂನಲ್ಲಿ ಟಾಟಾದ ಪಂಚ್ ಕಾರು ಬುಕ್ ಮಾಡಲು ಹೊರಟಿದ್ದಾನೆ. ಹೋಗು ಅಂತ ನಾನೇ ಹೇಳಿದ್ದು. ನಿನ್ನೆ ಬುಕಿಂಗ್ ಫಾರ್ಮ್‌ನ ಫೋಟೋ ಕಳಿಸಿದ. ಬಣ್ಣ, ವೇರಿಯಂಟ್ ಎಲ್ಲಾ ಸರಿ ಇದೆ. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಅನ್ನುವ ಜಾಗ ಖಾಲಿ ಇದೆ. ಅದನ್ನು ಬರೆಸಿ ಸೀಲ್ ಹಾಕಿಸಿಕೊಂಡ ಮೇಲೆ ದುಡ್ಡು ಹಾಕು ಅಂದಿದ್ದೇನೆ.